ಒಡವೆಯೂ ಕಾಪೂ: ಕೊಡಗಿನ ಮನೆತನಗಳ ನೆನಪಿನ ವಸ್ತುಗಳು

ಮನೆಯಲ್ಲಿರುವ ವಸ್ತುಗಳೆಲ್ಲವೂ ಮನೆಯ ಯಜಮಾನನ ಸ್ವತ್ತು ಎಂಬುದು ಲೋಕರೂಢಿ. ಸ್ವತ್ತಿಗೆ ಬೆಲೆಯುಂಟು; ಬೆಲೆಯುಳ್ಳದ್ದನ್ನು ಮಾರಬಹುದು, ಅಡವಿಡಬಹುದು, ಕರಗಿಸಿ ಹೊಸದನ್ನು ಮಾಡಿಸಬಹುದು. ಆದರೆ ಹಳೆಯ ಮನೆತನಗಳಲ್ಲಿ ಈ ಲೆಕ್ಕಕ್ಕೆ ಒಗ್ಗದ ಕೆಲವು ವಸ್ತುಗಳಿರುತ್ತವೆ. ಮುತ್ತಜ್ಜಿಯ ಕೊರಳಿನಿಂದ ಇಳಿದು ಬಂದ ಸರ, ಮುತ್ತಜ್ಜನ ನಡುವಿನಲ್ಲಿದ್ದ ಕತ್ತಿ ಮೊದಲಾದವು ಇಂಥವು. ಇವು ಯಾರ ಸ್ವತ್ತು? ಇಂದು ಅವುಗಳನ್ನು ಕೈಯಲ್ಲಿ ಹಿಡಿದವನಿಗೆ ಅವುಗಳ ಮೇಲೆ ಎಷ್ಟರಮಟ್ಟಿನ ಅಧಿಕಾರವಿದೆ? ಈ ಪ್ರಶ್ನೆಗೆ ಕೊಡಗಿನ ಇತಿಹಾಸವು ಕೊಡುವ ಉತ್ತರವು ವಿಚಾರಯೋಗ್ಯವಾಗಿದೆ.

ಕೊಡಗಿನಲ್ಲಿ ನಾಟಿಯ ಕೆಲಸ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು, ಕೈಲ್ ಪೊಳ್ದ್ ಹಬ್ಬವು ಬರುತ್ತದೆ. ಆಯುಧ ಪೂಜೆಯ ಈ ಹಬ್ಬವನ್ನು ಕೈಲ್ ಮುಹೂರ್ತವೆಂದೂ ಕರೆಯುವರು. ಬೇಸಾಯದ ದಿನಗಳಲ್ಲಿ ಆಯುಧಗಳನ್ನು ಬಳಸದೆ ದೇವರ ಕೋಣೆಯಲ್ಲಿ ಇರಿಸುವುದು ಹಿಂದಿನ ಪದ್ಧತಿ. ಹಬ್ಬದ ದಿನ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಒರೆಸಿ, ಗಂಧವನ್ನು ಹಚ್ಚಿ, ಆ ಕಾಲದಲ್ಲಿ ಕಾಡಿನ ಅಂಚಿನಲ್ಲಿ ಅರಳುವ ಕೆಂಪು ಹಳದಿ ಬಣ್ಣದ ತೋಕ್ ಪೂವಿನಿಂದ ಸಿಂಗರಿಸಿ ದೀಪದ ಮುಂದೆ ಇಡುತ್ತಾರೆ. ‘ತೋಕ್’ ಎಂದರೆ ಕೋವಿ; ಹೂವಿಗೇ ಕೋವಿಯ ಹೆಸರು. ಪೂಜೆಯಾದ ಮೇಲೆ ಮನೆಯ ಹಿರಿಯನು ಆಯುಧವನ್ನು ಕಿರಿಯನ ಕೈಗೆ ಕೊಡುತ್ತಾನೆ. ಕಿರಿಯನು ಹಿರಿಯನ ಕಾಲಿಗೆರಗಿ ಅದನ್ನು ಪಡೆಯುತ್ತಾನೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಕೋವಿಯು ಹೊಸದಾಗಿ ಕೊಂಡು ತಂದುದಲ್ಲ. ಅದೇ ಮನೆಯದು, ಹಿಂದಿನ ವರ್ಷವೂ ಅದೇ ಯುವಕನ ಕೈಯಲ್ಲಿ ಇದ್ದುದು. ಆದರೂ ವರ್ಷಕ್ಕೊಮ್ಮೆ ಅದನ್ನು ಒಪ್ಪಿಸಿ, ಹಿರಿಯನ ಕೈಯಿಂದ ಮತ್ತೆ ಪಡೆಯಬೇಕು. ತನ್ನದೆಂದು ತಿಳಿದುದನ್ನೇ ಕಾಣಿಕೆಯಾಗಿ ಸ್ವೀಕರಿಸುವ ಈ ಆಚಾರದಲ್ಲಿ ಮೇಲಿನ ಪ್ರಶ್ನೆಗೆ ಉತ್ತರವಿದೆ. ವಸ್ತುವು ಒಕ್ಕದ್ದು, ವ್ಯಕ್ತಿಯು ಅದನ್ನು ಕಾಯುವವನು ಮಾತ್ರ.

ಒಕ್ಕವೆಂದರೆ ಒಬ್ಬ ಮೂಲಪುರುಷನಿಂದ ಬಂದ, ಒಂದೇ ಮನೆತನದ ಹೆಸರನ್ನು ಹೊತ್ತ ಕುಲ. ಅದರ ಮೂಲಮನೆಯೇ ಐನ್‌ಮನೆ. ಒಕ್ಕದ ಜಮ್ಮಾ ಭೂಮಿಯನ್ನು ಹಿಂದೆ ಮಾರುವಂತಿರಲಿಲ್ಲ, ಪಾಲು ಮಾಡಿಕೊಳ್ಳುವಂತಿರಲಿಲ್ಲ. ಒಕ್ಕದ ಹಿರಿಯನಾದ ಪಟ್ಟೆದಾರನೂ ಅದರ ಒಡೆಯನಾಗಿರದೆ ಆಡಳಿತಗಾರನಾಗಿದ್ದನು. ಭೂಮಿಗೆ ಅನ್ವಯಿಸಿದ ಈ ನ್ಯಾಯವೇ ಮನೆಯ ಆಯುಧಗಳಿಗೂ ಹಳೆಯ ಒಡವೆಗಳಿಗೂ ಮನಸ್ಸಿನ ಮಟ್ಟದಲ್ಲಿ ಅನ್ವಯಿಸಿತು.

ಆ ವಸ್ತುಗಳ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಯುಕ್ತ. ಪೀಚೆಕತ್ತಿಯು ಬೆಳ್ಳಿಯ, ಕೆಲವೊಮ್ಮೆ ಚಿನ್ನದ ಕೆಲಸವಿರುವ ಒರೆಯುಳ್ಳ ಕಿರುಗತ್ತಿ. ಕಪ್ಪು ಕುಪ್ಯದ ಮೇಲೆ ಸುತ್ತುವ ಕೆಂಪು ರೇಷ್ಮೆಯ ಚೇಲೆಗೆ ಇದನ್ನು ಸಿಕ್ಕಿಸುತ್ತಾರೆ. ಒಡಿಕತ್ತಿಯು ಅಗಲವಾದ ಬಾಗಿದ ಅಲಗಿನದು. ಬೆನ್ನ ಹಿಂದಿನ ತೊಡಂಗ್ ಎಂಬ ಲೋಹದ ಕೊಕ್ಕೆಯಲ್ಲಿ ನಿಲ್ಲುತ್ತದೆ. ಹೆಂಗಸರ ಒಡವೆಗಳಲ್ಲಿ ಜೋಮಾಲೆಯು ಒಳಗೆ ಅರಗು ತುಂಬಿದ ಚಿನ್ನದ ಗುಂಡುಗಳ ಸರ; ಕೊಕ್ಕೆತಾತಿಯು ಅರ್ಧಚಂದ್ರಾಕಾರದ ಪದಕ; ಪತ್ತಾಕ್ ಎಂಬುದು ಚಿನ್ನದ ನಾಣ್ಯಕ್ಕೆ ಮುತ್ತು, ಕೆಂಪುಗಳನ್ನು ಕೂಡಿಸಿ, ಮೇಲೆ ನಾಗನ ಹೆಡೆಯಿಟ್ಟು ಮಾಡಿದ ಪದಕ. ಮದುವೆಯಲ್ಲಿ ಪತ್ತಾಕನ್ನು ಮದುಮಗಳ ಕೊರಳಿಗೆ ಕಟ್ಟುವವಳು ಅವಳ ತಾಯಿ. ಜೋಮಾಲೆಯ ಗುಂಡುಗಳಲ್ಲಿ ಅರಗು ಇರುವುದರಿಂದ ತೂಕಕ್ಕೆ ಹಾಕಿದರೆ ಅದರ ಬೆಲೆ ನೋಟಕ್ಕಿಂತ ಕಡಿಮೆ. ಕರಗಿಸುವವನಿಗೆ ಅದು ನಷ್ಟದ ಒಡವೆ, ಕಾಯುವವನಿಗೆ ಮಾತ್ರ ಲಾಭದ್ದು.

ಕೊಡಗಿನ ಕಾಣಿಕೆಗಳಲ್ಲಿ ಬೆಲೆಗಿಂತ ಅರ್ಥವೇ ಮುಂದಾಗಿರುವುದಕ್ಕೆ ಬೇರೆ ನಿದರ್ಶನಗಳೂ ಇವೆ. ಗಂಡು ಮಗು ಹುಟ್ಟಿದಾಗ ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲನ್ನು ಮಾಡಿ ಅದರ ಕೈಗೆ ಮುಟ್ಟಿಸುತ್ತಿದ್ದರು. ಆ ಬಿಲ್ಲಿಗೆ ಕಾಸಿನ ಬೆಲೆಯೂ ಇಲ್ಲ. ಮದುವೆಯಲ್ಲಿ ಮದುಮಗಳಿಗೆ ಗಂಡನ ಒಕ್ಕದ ಹಕ್ಕುಗಳನ್ನು ಒಪ್ಪಿಸುವಾಗ, ಎರಡೂ ಕಡೆಯ ಅರುವರು ಎದುರುಬದುರಾಗಿ ನಿಂತು, ಚಿನ್ನದ ಹೆಸರಿನಲ್ಲಿ ಕಲ್ಲಿನ ಹರಳುಗಳನ್ನು ಕೊಟ್ಟು ತೆಗೆದುಕೊಳ್ಳುತ್ತಾರೆ. ಹರಳು ಚಿನ್ನವಾಗುವುದು ನುಡಿದ ಮಾತಿನಿಂದ. ಅಕ್ಟೋಬರ್ ತಿಂಗಳ ತುಲಾ ಸಂಕ್ರಮಣದಲ್ಲಿ ಕಾವೇರಿಯ ಹೆಸರಿನಲ್ಲಿ ನಡೆಯುವ ಕಣಿ ಪೂಜೆಯಲ್ಲಿ ಸೌತೆಕಾಯಿಗೆ ಅಥವಾ ತೆಂಗಿನಕಾಯಿಗೆ ಕೆಂಪು ರೇಷ್ಮೆಯನ್ನು ಹೊದಿಸಿ, ಮನೆಯ ಹಳೆಯ ಪತ್ತಾಕನ್ನು ತೊಡಿಸುತ್ತಾರೆ. ಒಂದು ದಿನದ ಮಟ್ಟಿಗೆ ಆ ಒಡವೆಯು ಮನೆಯ ಯಾವ ಹೆಣ್ಣಿನದೂ ಆಗಿರದೆ ನದಿಯದಾಗುತ್ತದೆ. ಪುತ್ತರಿಯ ಇರುಳಿನಲ್ಲಿ ಗದ್ದೆಯಿಂದ ಮನೆಗೆ ಬರುವ ಕಾಣಿಕೆಯೂ ಒಂದು ಹಿಡಿ ಹೊಸ ತೆನೆಯೇ ಹೊರತು ಬೇರೆಯಲ್ಲ.

ಕೊಟ್ಟುದನ್ನು ಕಾಯುವವರು ಬೇಕೆಂಬ ತಿಳಿವಳಿಕೆಯು ಈ ನಾಡಿಗೆ ಬಹಳ ಹಳೆಯದು. ಬಿ. ಎಲ್. ರೈಸ್ ಅವರು 1886ರಲ್ಲಿ ಪ್ರಕಟಿಸಿದ ಕೊಡಗಿನ ಶಾಸನಗಳಲ್ಲಿ ಬಿಳಿಯೂರಿನ ಶಾಸನವು ಪ್ರಸಿದ್ಧವಾದುದು. ಶಕವರ್ಷ 809ರ, ಎಂದರೆ ಕ್ರಿ.ಶ. 888ರ ಈ ಶಾಸನದಲ್ಲಿ ಗಂಗ ದೊರೆ ಸತ್ಯವಾಕ್ಯ ಪೆರ್ಮಾನಡಿಯು ಪೆನ್ನೆಕಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಸರ್ವನಂದಿ ದೇವರಿಗೆ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ಕೊಟ್ಟ ಸಂಗತಿಯಿದೆ. ಶಾಸನವು ದಾನಕ್ಕೆ ಸಾಕ್ಷಿಗಳಾದವರನ್ನು ಬೇರೆಯಾಗಿಯೂ, ಅದಕ್ಕೆ ಕಾಪು ಆದವರನ್ನು ಬೇರೆಯಾಗಿಯೂ ಹೆಸರಿಸುತ್ತದೆ. ಮಲೆನಾಡಿನ ಸಾಸಿರ್ವರು ಕಾಪಿನವರಲ್ಲಿ ಸೇರಿದ್ದಾರೆ. ಕಂಡವನು ಸಾಕ್ಷಿ, ಕಾಯುವವನು ಕಾಪು. ಇವೆರಡೂ ಒಂದೇ ಅಲ್ಲವೆಂಬುದನ್ನು ಸಾವಿರದ ನೂರು ವರ್ಷಗಳ ಹಿಂದೆಯೇ ಬಲ್ಲವರಿದ್ದರು. ಶನಿವಾರಸಂತೆಯ ಬಳಿಯ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ, 11ನೆಯ ಶತಮಾನದ ಬಸದಿಗಳು ಇಂದಿಗೂ ನಿಂತಿವೆ. ಕಟ್ಟಿಸಿದ ಅರಸುಮನೆತನವು ಅಳಿಯಿತು, ಕಲ್ಲು ಉಳಿಯಿತು.

ಕಾಪಿಲ್ಲದ ಸಂಪತ್ತಿನ ಗತಿಯನ್ನು ಹಾಲೇರಿ ಅರಸುಮನೆತನದ ಕಡೆಯ ದಿನಗಳು ತೋರಿಸುತ್ತವೆ. 1834ರ ಏಪ್ರಿಲ್ ತಿಂಗಳಲ್ಲಿ ಇಂಗ್ಲಿಷರ ಸೈನ್ಯವು ಮಡಿಕೇರಿಯನ್ನು ಹಿಡಿಯಿತು. ಚಿಕ್ಕವೀರ ರಾಜೇಂದ್ರನು ಪದಚ್ಯುತನಾದನು. ಅರಮನೆಯ ಸಂಪತ್ತು ಯುದ್ಧದ ಗಳಿಕೆಯೆಂದು ಸೈನ್ಯಕ್ಕೆ ಹಂಚಿಹೋಯಿತು. ಕಾಶಿಯಲ್ಲಿ ಬಹುಕಾಲವಿದ್ದ ಅರಸನು 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದನು. ಮನೆತನದ ಹಣವು ಕಂಪನಿಯಲ್ಲಿ ಉಳಿದಿದೆಯೆಂದು ಅಲ್ಲಿಯ ನ್ಯಾಯಾಲಯದಲ್ಲಿ ದಾವೆ ಹೂಡಿದನು. ಆ ಹಣವು ಅವನ ಕೈಸೇರಲಿಲ್ಲ. 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ಕ್ರೈಸ್ತ ದೀಕ್ಷೆ ಪಡೆದ ಗೌರಮ್ಮನು ಜಾನ್ ಕ್ಯಾಂಪ್‌ಬೆಲ್ ಎಂಬ ಸೈನ್ಯಾಧಿಕಾರಿಯನ್ನು ವಿವಾಹವಾಗಿ, 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ ತೀರಿಕೊಂಡಳು. ಅವಳ ಒಡವೆಗಳೊಡನೆ ಗಂಡನು ಮನೆಯಿಂದ ಹೊರಟವನು ಮತ್ತೆ ಕಾಣಿಸಲಿಲ್ಲವೆಂಬ ವೃತ್ತಾಂತವು ಪ್ರಚಲಿತವಾಗಿದೆ. ಚಿತ್ರಕಾರ ವಿಂಟರ್‌ಹಾಲ್ಟರ್ 1854ರಲ್ಲಿ ಬರೆದ ಗೌರಮ್ಮನ ಚಿತ್ರವು ಇಂಗ್ಲೆಂಡಿನ ಅರಮನೆಯ ಸಂಗ್ರಹದಲ್ಲಿ ಉಳಿದಿದೆ. ಮೂವತ್ತು ವರ್ಷಗಳಲ್ಲಿ ಒಂದು ರಾಜ್ಯದ ಸಿರಿಯು ಒಂದು ಪಟವಾಗಿ ಉಳಿಯಿತು. ಅದೇ ಮೂವತ್ತು ವರ್ಷಗಳನ್ನು ಐನ್‌ಮನೆಗಳ ಪೀಚೆಕತ್ತಿಗಳು ದಾಟಿ ಬಂದವು. ಅರಸನ ಸಂಪತ್ತಿಗೆ ಅವನೊಬ್ಬನೇ ಒಡೆಯನಾಗಿದ್ದನು. ಪೀಚೆಕತ್ತಿಗೆ ಒಕ್ಕವೆಲ್ಲವೂ ಕಾಪಾಗಿತ್ತು.

ಆದರೆ ನೆನಪಿನ ವಸ್ತುಗಳೆಲ್ಲವೂ ನಿರ್ಮಲವಾದ ನೆನಪನ್ನೇ ಹೊತ್ತಿರುವುದಿಲ್ಲ. 1837ರಲ್ಲಿ ಕಂಪನಿಯ ಆಡಳಿತದ ವಿರುದ್ಧ ಅಮರ ಸುಳ್ಯದ ರೈತರು ಎದ್ದು, ಮಂಗಳೂರಿನವರೆಗೂ ಹೋಗಿ ಅದನ್ನು ಕೆಲವು ದಿನ ಹಿಡಿದಿದ್ದರು. ದಂಗೆಯನ್ನು ಅಡಗಿಸುವಲ್ಲಿ ನೆರವಾದ ಕೊಡವರಿಗೆ ಕಂಪನಿಯು ಚಿನ್ನದ ಮತ್ತು ಬೆಳ್ಳಿಯ ಪದಕಗಳನ್ನು ಕೊಟ್ಟಿತು. ಪದಕದ ಮೇಲೆ ಆಯುಧಧಾರಿಯಾದ ಕೊಡವ ಯೋಧನ ಚಿತ್ರವಿದೆ. ಅದೇ ವರ್ಷದ ಅಕ್ಟೋಬರ್ 31ರಂದು ದಂಗೆಯ ನಾಯಕರಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಇಂದು ಆ ಪದಕಗಳು ಸಂಗ್ರಾಹಕರಿಗೆ ಅಪರೂಪದ ವಸ್ತುಗಳು. ಒಂದು ಮನೆಯಲ್ಲಿ ಗೌರವದ ಗುರುತಾಗಿ ಉಳಿದ ಪದಕವು ನೆರೆಯ ಸಮುದಾಯದ ಮನೆಯಲ್ಲಿ ದುಃಖದ ನೆನಪು. ಅದನ್ನು ಮುಚ್ಚಿಡುವುದು ಅಸತ್ಯ. ಕೇವಲ ಹೆಮ್ಮೆಯಿಂದ ಮೆರೆಸುವುದು ಅರ್ಧಸತ್ಯ. ಎರಡೂ ಕಥೆಗಳನ್ನು ಮಕ್ಕಳಿಗೆ ಹೇಳಿ ಇಟ್ಟುಕೊಳ್ಳುವುದೇ ಸರಿಯಾದ ಕಾಪು.

ಆಯುಧಗಳ ವಿಷಯದಲ್ಲಿಯೂ ಇಂಥ ವಿವೇಚನೆಗೆ ಎಡೆಯಿದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯಿದೆಯಿಂದ ವಿನಾಯಿತಿ ಕೊಟ್ಟನು. ಈ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಹಿಂದೆ ಈ ಕೋವಿಗಳು ಬೇಟೆಗೂ ಬಳಕೆಯಾದವು. ಹುಲಿಯನ್ನು ಕೊಂದವನಿಗೆ ‘ನರಿ ಮಂಗಲ’ವೆಂಬ ಮದುವೆಯಂಥ ಸಂಭ್ರಮವನ್ನು ನಡೆಸಿ ಕಾಣಿಕೆ ಸಲ್ಲಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹುಲಿಯ ಬೇಟೆಯನ್ನು ನಿಷೇಧಿಸಿತು. ಈಗ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯ ಗುರಿಯು ಮರಕ್ಕೆ ಕಟ್ಟಿದ ತೆಂಗಿನಕಾಯಿ. ಕೊಲ್ಲುವ ಕೆಲಸವು ಕಳಚಿದರೂ ಆಯುಧದ ಮರ್ಯಾದೆಯೇನೂ ಕಡಿಮೆಯಾಗಲಿಲ್ಲ. ಗಂಧವೂ ಹೂವೂ ಅದಕ್ಕೆ ಹಿಂದಿನಂತೆಯೇ ಸಲ್ಲುತ್ತಿವೆ. ಹಿಂಸೆಯನ್ನು ಬಿಟ್ಟು ನೆನಪನ್ನು ಉಳಿಸಿಕೊಳ್ಳಲು ಸಾಧ್ಯವೆಂಬುದಕ್ಕೆ ಆ ತೆಂಗಿನಕಾಯಿಯೇ ಸಾಕ್ಷಿ. ಹಳೆಯ ಕತ್ತಿಗಳ ದಂತದ ಹಿಡಿ, ಹುಲಿಯುಗುರಿನ ಪದಕಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವುಗಳ ಮಾರಾಟಕ್ಕೆ ಇಂದು ಕಾನೂನಿನ ಒಪ್ಪಿಗೆಯಿಲ್ಲ. ಹೊಸದಾಗಿ ಅಂಥವನ್ನು ಬಯಸುವುದು ನೆನಪಲ್ಲ, ಆಸೆ.

ಕೊಡಗಿನ ಒಕ್ಕಗಳು ಇಂದು ಚದುರಿವೆ. ಸೈನ್ಯಕ್ಕೂ ನಗರಗಳಿಗೂ ವಿದೇಶಗಳಿಗೂ ಹೋದ ಮಕ್ಕಳು ವರ್ಷಕ್ಕೊಮ್ಮೆ ಐನ್‌ಮನೆಗೆ ಬಂದರೆ ಹೆಚ್ಚು. ಎಷ್ಟೋ ಐನ್‌ಮನೆಗಳ ಮಾಡು ಸೋರುತ್ತಿದೆ. ಕಾಫಿಗೆ ಬೆಲೆಯಿಲ್ಲದ ವರ್ಷಗಳಲ್ಲಿ ಒಡವೆಯು ಅಡವಿಗೆ ಹೋಗುವುದು ಎಲ್ಲ ಊರುಗಳಲ್ಲಿಯೂ ಇರುವ ಕಷ್ಟ. ಅದನ್ನು ಹಳಿಯುವುದು ತರವಲ್ಲ. ಮಕ್ಕಳ ಓದಿಗೆ, ರೋಗದ ಆರೈಕೆಗೆ ಚಿನ್ನವು ಒದಗಿದರೆ ಹಿರಿಯರ ಆತ್ಮವು ನೋಯುವುದಿಲ್ಲ. ನೋಯುವುದು ಪಾಲಿನ ಜಗಳದಲ್ಲಿ ಜೋಮಾಲೆಯ ದಾರವನ್ನು ಹರಿದು ಗುಂಡುಗಳನ್ನು ಎಣಿಸಿ ಹಂಚಿಕೊಂಡಾಗ; ಹಳೆಯ ಕತ್ತಿಗೆ ಹೊರಗಿನ ಸಂಗ್ರಾಹಕನು ಕೊಡುವ ಹಣವನ್ನು ಕಂಡು, ಒಕ್ಕದ ಯಾರಿಗೂ ತಿಳಿಸದೆ ಒಬ್ಬನು ಅದನ್ನು ಕೊಟ್ಟುಬಿಟ್ಟಾಗ. ಕೊಂಡವನ ಗಾಜಿನ ಪೆಟ್ಟಿಗೆಯಲ್ಲಿ ಕತ್ತಿಯೇನೋ ಹೊಳೆಯುತ್ತದೆ. ಅದನ್ನು ಒರೆಸಿ ಹೂವಿಟ್ಟು ಮಗನ ಕೈಗೆ ಕೊಡುವ ಬೆಳಗು ಮಾತ್ರ ಅಲ್ಲಿಗೆ ಬರುವುದಿಲ್ಲ.

ಮನೆಯಲ್ಲಿ ಕಾಯಲು ಸಾಧ್ಯವಾಗದಿದ್ದರೆ ನಾಡಿಗೆ ಒಪ್ಪಿಸುವ ದಾರಿಯೂ ಉಂಟು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆಯಾದ ‘ಸನ್ನಿ ಸೈಡ್’ 2021ರ ಫೆಬ್ರವರಿ 6ರಂದು ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಯಾಯಿತು. ಒಂದು ಮನೆಯ ನೆನಪಿಗೆ ಅಲ್ಲಿ ಊರೆಲ್ಲವೂ ಕಾಪಾಗಿದೆ.

ಶ್ರಾವಕರ ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ನಂಬಿ ಇಟ್ಟ ವಸ್ತುವನ್ನು ತನ್ನದೆಂದು ಮಾಡಿಕೊಳ್ಳುವುದೇ ನ್ಯಾಸಾಪಹಾರ. ಇದನ್ನು ಕಳವಿನ ಅತಿಚಾರಗಳಲ್ಲಿ ಎಣಿಸದೆ ಅಸತ್ಯದ ಅತಿಚಾರಗಳಲ್ಲಿ ಎಣಿಸಿರುವುದು ಮನನೀಯವಾಗಿದೆ. ಇಟ್ಟವರು ಬಂದು ಕೇಳಿದರೆ ‘ಇಷ್ಟೇ ಇದ್ದುದು’ ಎಂಬ ಸುಳ್ಳು ಅಲ್ಲಿ ಹುಟ್ಟುತ್ತದೆ. ಮನೆತನದ ಒಡವೆಯನ್ನು ಇಟ್ಟವರು ತೀರಿಹೋಗಿದ್ದಾರೆ, ಪಡೆಯಬೇಕಾದವರು ಇನ್ನೂ ಹುಟ್ಟಿಲ್ಲ. ಕೇಳುವವರೇ ಇಲ್ಲದ ಈ ನ್ಯಾಸದಲ್ಲಿ ಲೆಕ್ಕ ಒಪ್ಪಿಸಬೇಕಾದುದು ತನ್ನ ಅಂತರಂಗಕ್ಕೆ ಮಾತ್ರ. ಆದುದರಿಂದಲೇ ಕೊಡಗಿನ ಹಿರಿಯರು ವರ್ಷಕ್ಕೊಂದು ದಿನವನ್ನು ಅದಕ್ಕಾಗಿ ಗೊತ್ತುಮಾಡಿದರು. ಆ ದಿನ ವಸ್ತುವು ಪೆಟ್ಟಿಗೆಯಿಂದ ಹೊರಬರುತ್ತದೆ, ಮನೆಮಂದಿಯೆಲ್ಲ ಅದನ್ನು ಕಾಣುತ್ತಾರೆ, ಹಿರಿಯನ ಕೈಯಿಂದ ಕಿರಿಯನ ಕೈಗೆ ಅದು ಮತ್ತೊಮ್ಮೆ ದಾಟುತ್ತದೆ. ಲೆಕ್ಕವು ಸರಿಯಾಗಿದೆಯೆಂದು ದೀಪದ ಮುಂದೆ ಒಪ್ಪಿಸಿದಂತಾಗುತ್ತದೆ.