ಕತ್ತರಿ ಹಿಡಿದ ಪ್ರೇಕ್ಷಕ

ಕಳೆದ ತಿಂಗಳು ಹೊರದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಳೆಯ ಕಪ್ಪುಬಿಳುಪು ಚಿತ್ರವೊಂದರ ತುಣುಕನ್ನು ಕಳುಹಿಸಿ, "ಸರ್, ಇದನ್ನು ಇಲ್ಲಿ ಕಲೆಯೆಂದು ಗೌರವಿಸುತ್ತಾರೆ. ನೀವೇನು ಹೇಳುತ್ತೀರಿ?" ಎಂದು ಕೇಳಿದ್ದ. ವೇದಿಕೆಯ ಮೇಲೆ ಹೆಂಗಸೊಬ್ಬಳು ಅಲುಗಾಡದೆ ಕುಳಿತಿದ್ದಾಳೆ. ಪ್ರೇಕ್ಷಕರು ಒಬ್ಬೊಬ್ಬರಾಗಿ ಬಂದು, ಅಲ್ಲಿಟ್ಟಿರುವ ಕತ್ತರಿಯಿಂದ ಆಕೆಯ ಉಡುಪಿನ ಚೂರನ್ನು ಕತ್ತರಿಸಿಕೊಂಡು ಹೋಗುತ್ತಾರೆ. ಅಷ್ಟೆ. ನಾನು ಎರಡೇ ಸಾಲಿನಲ್ಲಿ ಉತ್ತರಿಸಿದೆ: ಇಲ್ಲಿ ಸಾಧನೆಯಿಲ್ಲ, ಅಭಿನಯವಿಲ್ಲ, ಆದ್ದರಿಂದ ಇದು ಕಲೆಯಲ್ಲ.

ಕಳುಹಿಸಿದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಉತ್ತರ ಬರೆಯಿರೆಂದು ನಿಮಗೆಲ್ಲ ವರ್ಷಗಟ್ಟಲೆ ಹೇಳಿದವನು ನಾನು. ಈಗ ಸ್ವತಃ ಪ್ರಶ್ನೆಯನ್ನೇ ಓದದೆ ಉತ್ತರಿಸಿದ್ದೆ.

ಆ ಹೆಂಗಸು ಜಪಾನಿನ ಯೋಕೋ ಓನೋ. ಕೃತಿಯ ಹೆಸರು 'ಕಟ್ ಪೀಸ್'. ಅದು ಮೊದಲು ನಡೆದದ್ದು 1964ರ ಜುಲೈಯಲ್ಲಿ, ಕ್ಯೋಟೋ ನಗರದಲ್ಲಿ. ಮರುವರ್ಷ ನ್ಯೂಯಾರ್ಕಿನ ಕಾರ್ನೆಗಿ ರಿಸೈಟಲ್ ಹಾಲ್‌ನಲ್ಲಿ ಆಕೆ ಅದನ್ನೇ ಮಾಡಿದಾಗ ಮೇಸಲ್ಸ್ ಸೋದರರು ಚಿತ್ರೀಕರಿಸಿದರು; ನನ್ನ ಶಿಷ್ಯ ಕಳುಹಿಸಿದ್ದು ಅದನ್ನೇ. ಎರಡನೆಯ ಸಲ ನಿಧಾನವಾಗಿ ನೋಡಿದೆ. ಮೊದಲು ಬಂದವರು ಸಂಕೋಚದಿಂದ ತೋಳಿನ ಅಂಚನ್ನೋ ಸೆರಗಿನಂಥ ತುದಿಯನ್ನೋ ಕತ್ತರಿಸುತ್ತಾರೆ. ಕೊನೆಗೆ ಬಂದ ಯುವಕನೊಬ್ಬ ಗೆಲುವಿನಿಂದ ಆಕೆಯ ಒಳ ಉಡುಪಿನ ಪಟ್ಟಿಗಳನ್ನೇ ಕತ್ತರಿಸುತ್ತಾನೆ. ಆಕೆ ಎರಡೂ ಕೈಗಳಿಂದ ಎದೆ ಮುಚ್ಚಿಕೊಳ್ಳುತ್ತಾಳೆ, ಆದರೆ ಏಳುವುದಿಲ್ಲ.

ಓನೋ 1933ರಲ್ಲಿ ಟೋಕಿಯೋದಲ್ಲಿ ಹುಟ್ಟಿದವರು, 1945ರ ಬಾಂಬ್ ದಾಳಿಯ ಕಾಲದ ಬಾಲಕಿ. ಸಂಗೀತ ಕಲಿತವರು. ಸಂಗೀತಕ್ಕೆ ಸ್ವರಲಿಪಿಯಿರುವಂತೆ ಈ ಕೃತಿಗೂ ಅವರು ಲಿಖಿತ ಸೂಚನೆಯನ್ನು ಕೊಟ್ಟಿದ್ದಾರೆ. ಯಾರು ಬೇಕಾದರೂ ಅದನ್ನು ನಡೆಸಬಹುದು. ಕುಳಿತುಕೊಳ್ಳುವವರು ಹೆಂಗಸೇ ಆಗಬೇಕೆಂದಿಲ್ಲ. ಕಲಾವಿದರು ಸದಾ ತಮಗೆ ಇಷ್ಟವಾದುದನ್ನೇ ಕೊಡುತ್ತಾರೆ, ಜನರು ತಮಗೆ ಬೇಕಾದುದನ್ನು ತೆಗೆದುಕೊಳ್ಳಲಿ ಎಂಬುದು ಅವರ ವಿಚಾರ. ಹಸಿದ ಹುಲಿಗೆ ದೇಹವನ್ನೇ ಒಪ್ಪಿಸಿದ ಬೋಧಿಸತ್ವನ ಕಥೆ ನನಗೆ ನೆನಪಾಯಿತು.

ಈ ವಿಚಾರ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. 1957ರಲ್ಲಿ ಮಾರ್ಸೆಲ್ ದುಶಾಂ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಾಡಿದ ಒಂದು ಚಿಕ್ಕ ಭಾಷಣದಲ್ಲಿ, ಕೃತಿಯನ್ನು ಕಲಾವಿದನೊಬ್ಬನೇ ಮುಗಿಸುವುದಿಲ್ಲ, ನೋಡುವವನೂ ಅದಕ್ಕೆ ತನ್ನ ಪಾಲನ್ನು ಸೇರಿಸುತ್ತಾನೆ ಎಂದು ವಾದಿಸಿದ್ದರು. 1959ರಲ್ಲಿ ನ್ಯೂಯಾರ್ಕಿನ ರೂಬೆನ್ ಗ್ಯಾಲರಿಯಲ್ಲಿ ಆ್ಯಲನ್ ಕಾಪ್ರೋ ನಡೆಸಿದ 'ಹ್ಯಾಪನಿಂಗ್'ನಲ್ಲಿ ಬಂದವರ ಕೈಗೆ ಚೀಟಿ ಕೊಟ್ಟು, ಯಾವ ಕೋಣೆಗೆ ಯಾವಾಗ ಹೋಗಬೇಕೆಂದು ತಿಳಿಸಿದ್ದರು; ಗಂಟೆ ಬಾರಿಸಿದಾಗ ಏಳಬೇಕು. (ನಮ್ಮ ಶಾಲೆಯ ವೇಳಾಪಟ್ಟಿಯೂ ಹೀಗೆಯೇ ಇತ್ತು, ಅದನ್ನು ಯಾರೂ ಕಲೆಯೆನ್ನಲಿಲ್ಲ.)

ಇನ್ನೊಂದು ಪ್ರಸಂಗ ಇದಕ್ಕಿಂತ ಘೋರವಾದುದು. 1974ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ, ಯುಗೊಸ್ಲಾವಿಯಾದಿಂದ ಬಂದ ಮರೀನಾ ಅಬ್ರಮೋವಿಚ್ ಮೇಜಿನ ಮೇಲೆ 72 ವಸ್ತುಗಳನ್ನು ಹರಡಿದರು: ಗುಲಾಬಿ, ಗರಿ, ಜೇನು, ದ್ರಾಕ್ಷಿ, ಕತ್ತರಿ, ಶಸ್ತ್ರಚಿಕಿತ್ಸೆಯ ಚಾಕು, ಕೊನೆಗೆ ಒಂದು ಪಿಸ್ತೂಲು ಮತ್ತು ಒಂದು ಗುಂಡು. ಇವನ್ನು ತನ್ನ ಮೇಲೆ ಇಷ್ಟಬಂದಂತೆ ಬಳಸಬಹುದು, ಹೊಣೆ ತನ್ನದೇ ಎಂದು ತಿಳಿಸಿ ಆರು ಗಂಟೆ ನಿಂತರು. ಆರಂಭದಲ್ಲಿ ಹೂವು ಕೊಟ್ಟರು. ಆಮೇಲೆ ಬಟ್ಟೆ ಹರಿದರು, ಮುಳ್ಳು ಚುಚ್ಚಿದರು, ಕುತ್ತಿಗೆಯ ಬಳಿ ಗಾಯ ಮಾಡಿದರು. ಒಬ್ಬ ಗುಂಡು ತುಂಬಿದ ಪಿಸ್ತೂಲನ್ನು ಆಕೆಯತ್ತ ಹಿಡಿದಾಗ ಇತರರು ತಡೆದರು. ಅವಧಿ ಮುಗಿದು ಆಕೆ ಅವರತ್ತ ನಡೆದು ಬರುವಾಗ ಜನರು ಓಡಿಹೋದರು. ಆರು ಗಂಟೆ ವಸ್ತುವಾಗಿದ್ದವಳು ಮತ್ತೆ ಮನುಷ್ಯಳಾದಾಗ ಎದುರಿಸಲು ಅವರಿಗೆ ಮುಖವಿರಲಿಲ್ಲ.

ನಮ್ಮ ಕಾವ್ಯಮೀಮಾಂಸೆಯನ್ನು ಓದಿದವರು ಇಲ್ಲಿ ಬಲವಾದ ಆಕ್ಷೇಪವನ್ನು ಎತ್ತಬಹುದು, ನಾನೂ ಎತ್ತಿದೆ. ಅಭಿನವಗುಪ್ತನು ರಸಕ್ಕೆ ಬರುವ ವಿಘ್ನಗಳನ್ನು ಎಣಿಸುವಾಗ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗುವುದನ್ನೂ ಸೇರಿಸಿದ್ದಾನೆ. ದುಶ್ಯಾಸನನು ಸೀರೆ ಸೆಳೆಯುವಾಗ ಪ್ರೇಕ್ಷಕನು ರಂಗಕ್ಕೇರಿ ತಡೆದರೆ ನಾಟಕ ಕೆಟ್ಟಿತು. ಓನೋ ಅವರ ಕೃತಿಯಾದರೋ ಈ ವಿಘ್ನದ ಮೇಲೆಯೇ ನಿಂತಿದೆ. ಅಲ್ಲಿ ನೋಡುವವನೇ ಸೀರೆ ಸೆಳೆಯುವವನು. ಹಾಗಾದರೆ ರಸವಿಲ್ಲವೆಂದು ಒಪ್ಪೋಣ. ಆದರೆ ರಚನೆಯಿಲ್ಲವೆನ್ನಲಾರೆವು. ಕತ್ತರಿಯೊಂದೇ ಇರಬೇಕು, ಒಬ್ಬರಾದ ಮೇಲೆ ಒಬ್ಬರು ಬರಬೇಕು, ಕುಳಿತವಳು ಸುಮ್ಮನಿರಬೇಕು. ಇವಿಷ್ಟರಲ್ಲಿ ಒಂದನ್ನು ಬದಲಿಸಿದರೂ ಇಡೀ ಅನುಭವ ಬದಲಾಗುತ್ತದೆ. ಎಲ್ಲರೂ ಒಟ್ಟಿಗೆ ನುಗ್ಗಿದ್ದರೆ ಅದು ಗಲಭೆಯಾಗುತ್ತಿತ್ತು. ಒಬ್ಬೊಬ್ಬರಾಗಿ ಬಂದುದರಿಂದಲೇ ಪ್ರತಿಯೊಬ್ಬನ ಕೈಯೂ ಉಳಿದವರ ಕಣ್ಣಿಗೆ ಬೀಳುತ್ತದೆ. ಮೇಲೇಳದೆ ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಬಿಡುಗಡೆಯಿಲ್ಲ, ಅವನು ತಡೆಯಲಿಲ್ಲವಷ್ಟೆ. ಆಟದಲ್ಲಿರುವಂತೆ ಸೋಲುಗೆಲುವು ಇಲ್ಲಿಲ್ಲ. ಪ್ರಯೋಗಾಲಯದಲ್ಲಿರುವಂತೆ ಅಳೆದು ಬರೆದುಕೊಳ್ಳುವವನೂ ಇಲ್ಲ. ನಾನು ಹುಡುಕುತ್ತಿದ್ದ ಸಾಧನೆಯು ಈ ನಿಯಮಗಳ ಆಯ್ಕೆಯಲ್ಲಿತ್ತು, ಮತ್ತು ಅಲುಗದೆ ಕೂರುವ ಆ ಸ್ಥೈರ್ಯದಲ್ಲಿತ್ತು.

ಇಂಥ ಕೃತಿಗಳೆಲ್ಲ ಕ್ರೌರ್ಯವನ್ನೇ ಹೊರಗೆಳೆಯುತ್ತವೆಂದು ತಿಳಿಯಬಾರದು. 2003ರಲ್ಲಿ ಎಪ್ಪತ್ತರ ವಯಸ್ಸಿನ ಓನೋ ಪ್ಯಾರಿಸ್ಸಿನಲ್ಲಿ ಮತ್ತೆ ಕುಳಿತು, ಕತ್ತರಿಸಿಕೊಂಡ ಚೂರನ್ನು ತಮಗೆ ಪ್ರಿಯರಾದವರಿಗೆ ಕಳುಹಿಸಬೇಕೆಂದು ಕೇಳಿಕೊಂಡರು. 2010ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅಬ್ರಮೋವಿಚ್ ಒಟ್ಟು 700 ಗಂಟೆಗೂ ಹೆಚ್ಚು ಕಾಲ ಕುರ್ಚಿಯ ಮೇಲೆ ಮೌನವಾಗಿ ಕುಳಿತರು. ಎದುರಿನ ಕುರ್ಚಿಯಲ್ಲಿ ಯಾರಾದರೂ ಬಂದು ಕೂರಬಹುದಿತ್ತು. ಹಾಗೆ ಕೂತವರಲ್ಲಿ ಅನೇಕರು ಅತ್ತರು.

ಶಿಷ್ಯನಿಗೆ ಮತ್ತೊಂದು ಪತ್ರ ಬರೆದು ಹಿಂದಿನ ಎರಡು ಸಾಲುಗಳನ್ನು ವಾಪಸು ಪಡೆದಿದ್ದೇನೆ. ನೇಪಲ್ಸ್‌ನ ಆ ಒಂದು ಗುಂಡಿನ ವಿಷಯದಲ್ಲಿ ಮಾತ್ರ ನನ್ನ ತಕರಾರು ಉಳಿದಿದೆ. ಹೊಣೆಯೆಲ್ಲ ತನ್ನದೆಂದು ಬರೆದಿಟ್ಟ ಮಾತ್ರಕ್ಕೆ, ಕೊಲೆಗಾರನಾಗುವ ಅಪಾಯವನ್ನು ಪರಿಚಯವಿಲ್ಲದವನ ಕೈಗೆ ಕೊಡುವ ಹಕ್ಕು ಕಲಾವಿದನಿಗೆ ಇದೆಯೇ? ಇದಕ್ಕೆ ಅವನ ಉತ್ತರ ಇನ್ನೂ ಬಂದಿಲ್ಲ.