ಮೂಕಿಚಿತ್ರದಿಂದ ದುಡಿಯ ಸದ್ದಿಗೆ: ಚಿತ್ರಕಥೆಗಾರ ಶಿವರಾಮ ಕಾರಂತ

ಕಾದಂಬರಿ, ಯಕ್ಷಗಾನ, ಬಾಲಸಾಹಿತ್ಯ, ವಿಜ್ಞಾನ ಬರಹ ಇವುಗಳ ನಡುವೆ ಶಿವರಾಮ ಕಾರಂತರ (1902–1997) ಸಿನಿಮಾ ಕೆಲಸ ಸಾಮಾನ್ಯವಾಗಿ ಅಡಿಟಿಪ್ಪಣಿಗೆ ಸರಿಯುತ್ತದೆ. ಪುತ್ತೂರಿಗೆ ಬಂದು ನೆಲೆಸಿದ ಆರಂಭದ ವರ್ಷಗಳಲ್ಲೇ ಅವರು ‘ಡೊಮಿಂಗೊ’ (1930), ‘ಭೂತರಾಜ್ಯ’ (1931) ಎಂಬ ಎರಡು ಮೂಕಿಚಿತ್ರಗಳನ್ನು ಮಾಡಿದ್ದರು. ಹೊತ್ತು ಮಾತ್ರ ಅನುಕೂಲವಾಗಿರಲಿಲ್ಲ. 1931ರ ಮಾರ್ಚಿನಲ್ಲಿ ಬೊಂಬಾಯಿಯಲ್ಲಿ ‘ಆಲಂ ಆರಾ’ ಮಾತಾಡಿತು. 1934ರಲ್ಲಿ ‘ಸತಿ ಸುಲೋಚನ’ದೊಂದಿಗೆ ಕನ್ನಡವೂ ತೆರೆಯ ಮೇಲೆ ಕೇಳಿಸಿತು. ಮೂಕಿಗಳಿಗೆ ಗಿರಾಕಿಯೇ ಇಲ್ಲದಂತಾಯಿತು.

ಕಾರಂತರ ಆ ಎರಡು ಮೂಕಿಗಳ ಬೆನ್ನಿಗೇ, 1933ರಲ್ಲಿ, ಅವರ ‘ಚೋಮನ ದುಡಿ’ ಕಾದಂಬರಿ ಬಂತು. ಈ ಸಾಮೀಪ್ಯ ಬರೀ ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ಕಾದಂಬರಿಯ ನಾಯಕ ಚೋಮ ಹೆಚ್ಚು ಮಾತಿನವನಲ್ಲ. ಸಿಟ್ಟು, ಹಸಿವು, ಸಂತೋಷ ಎಲ್ಲಕ್ಕೂ ಅವನ ಕೈ ದುಡಿ ಎಂಬ ಚರ್ಮವಾದ್ಯದ ಕಡೆಗೇ ಹೋಗುತ್ತದೆ. ಪಾತ್ರದ ಒಳಗನ್ನು ಸಂಭಾಷಣೆಯಿಲ್ಲದೆ, ಒಂದು ವಸ್ತು ಮತ್ತು ಒಂದು ಕ್ರಿಯೆಯಿಂದ ತೋರಿಸುವುದು ಮೂಕಿಚಿತ್ರ ಬರೆಯುವವರು ಕಲಿಯಲೇಬೇಕಾದ ಪಾಠ. ವಿಚಿತ್ರವೆಂದರೆ ಆ ವಸ್ತುವಿನ ಜೀವಾಳ ಸದ್ದು; ಮೂಕಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಅದೇ ಹೊತ್ತಿಗೆ ಬರ್ಲಿನ್ನಿನಲ್ಲಿ ಜರ್ಮನ್ ಚಿತ್ರಕಥೆಗಾರ್ತಿ ಥಿಯಾ ಫಾನ್ ಹಾರ್ಬೂ (1888–1954) ಇದಕ್ಕೆ ಹತ್ತಿರದ ಸಮಸ್ಯೆಯನ್ನು ಎದುರಿಸಿದ್ದರು. ಮೂಕಿಯುಗದ ‘ಮೆಟ್ರೊಪೊಲಿಸ್’ (1927) ಚಿತ್ರಕ್ಕೆ ಕಾದಂಬರಿಯನ್ನೂ ಚಿತ್ರಕಥೆಯನ್ನೂ ಬರೆದಾಕೆ, ಗಂಡ ಫ್ರಿಟ್ಸ್ ಲಾಂಗ್ ಜೊತೆ ಅವನ ಮೊದಲ ವಾಕ್ಚಿತ್ರ ‘ಎಮ್’ (1931) ಬರೆದರು. ಅಲ್ಲಿ ಕೊಲೆಗಾರನನ್ನು ಗುರುತಿಸುವವನು ಬಲೂನು ಮಾರುವ ಒಬ್ಬ ಕುರುಡ, ಅದೂ ಕೊಲೆಗಾರ ಹಾಕುವ ಸಿಳ್ಳೆಯಿಂದ. ಸದ್ದು ಅಲಂಕಾರವಾಗಿರದೆ ಕಥೆಯನ್ನೇ ಹೊರುತ್ತದೆ. ಕಾರಂತರು ಆ ಚಿತ್ರ ನೋಡಿದ್ದರೆಂದು ನಾನು ವಾದಿಸುತ್ತಿಲ್ಲ. ಮೂಕಿಯಿಂದ ಬಂದ ಇಬ್ಬರಿಗೂ ಸದ್ದಿನ ಬೆಲೆ ತಿಳಿದಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ. (ಹಾರ್ಬೂ ಮುಂದೆ ಮದುವೆಯಾದ ಅಯಿ ತೆಂಡೂಲ್ಕರ್ ಬೆಳಗಾವಿ ಕಡೆಯವರು. ಆದರೆ ಆಕೆಯ ಕಥೆಯಾಧರಿಸಿದ 1921ರ ‘ಭಾರತದ ಗೋರಿ’ ಚಿತ್ರದ ಇಂಡಿಯಾ ಎದ್ದುನಿಂತದ್ದು ಜರ್ಮನಿಯ ಸೆಟ್ಟುಗಳಲ್ಲಿ. ಕಾಲಡಿಯ ನೆಲವನ್ನೇ ಬರೆದ ಕಾರಂತರ ದಾರಿ ಇದಕ್ಕೆ ತದ್ವಿರುದ್ಧ.)

ದುಡಿ ತೆರೆಯ ಮೇಲೆ ಕೇಳಿಸಲು 1975ರ ತನಕ ಕಾಯಬೇಕಾಯಿತು. ‘ಚೋಮನ ದುಡಿ’ ಚಿತ್ರಕ್ಕೆ ಬಿ.ವಿ. ಕಾರಂತರ ನಿರ್ದೇಶನ ಮತ್ತು ಸಂಗೀತ, ಎಸ್. ರಾಮಚಂದ್ರರ ಕಪ್ಪು-ಬಿಳುಪು ಛಾಯಾಗ್ರಹಣ. ಚಿತ್ರಕಥೆ ಶಿವರಾಮ ಕಾರಂತರದೇ. ಉಳಲು ತುಂಡು ಗದ್ದೆ ಬೇಕೆಂಬ ಚೋಮನ ಆಸೆ ಜಾತಿಯ ಕಾರಣಕ್ಕೆ ನಡೆಯುವುದಿಲ್ಲ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಒಬ್ಬ ಜ್ವರಕ್ಕೆ ಬಲಿಯಾದರೆ ಇನ್ನೊಬ್ಬ ಕ್ರೈಸ್ತನಾಗುತ್ತಾನೆ. ಕಿರಿಯವನು ಹೊಳೆಯಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆಯೆಂದು ದಡದವರು ಸುಮ್ಮನಿರುತ್ತಾರೆ. ಮಗಳು ಬೆಳ್ಳಿಯನ್ನು ತೋಟದ ರೈಟರ್ ಮನ್ವೇಲನ ಜೊತೆ ಕಂಡ ಮೇಲೆ ಚೋಮ ನೇಗಿಲು ಮುರಿದು, ಎತ್ತುಗಳನ್ನು ಅಟ್ಟಿ, ಬಾಗಿಲು ಹಾಕಿಕೊಂಡು ಸಾಯುವ ತನಕ ದುಡಿ ಬಾರಿಸುತ್ತಾನೆ. ಬೇರೆ ಯಾರಾದರೂ ಬರೆದಿದ್ದರೆ ಇಲ್ಲೊಂದು ಭಾಷಣ ತುರುಕುತ್ತಿದ್ದರೋ ಏನೋ. ಚೋಮನ ಪಾತ್ರದ ವಾಸುದೇವರಾವ್ ಅವರಿಗೆ ಆ ಕೈ, ಆ ಮುಖವೇ ಸಾಕಾಯಿತು. ಚಿತ್ರಕ್ಕೆ ಸ್ವರ್ಣಕಮಲ, ವಾಸುದೇವರಾಯರಿಗೆ ಶ್ರೇಷ್ಠ ನಟ, ಶಿವರಾಮ ಕಾರಂತರಿಗೆ ಶ್ರೇಷ್ಠ ಕಥೆಗಾರ ರಾಷ್ಟ್ರಪ್ರಶಸ್ತಿ ಬಂದವು.

ಈ ಗೆಲುವು ಶಿವರಾಮ ಕಾರಂತರನ್ನು ಮತ್ತೆ ಕ್ಯಾಮೆರಾದ ಹಿಂದಕ್ಕೆ ಕರೆತಂದಿತು ಅನ್ನಬಹುದು. ಮಲೆಕುಡಿಯರ ಬದುಕಿನ ‘ಕುಡಿಯರ ಕೂಸು’ ಕಾದಂಬರಿಯನ್ನು ಅವರೇ 1978ರಲ್ಲಿ ‘ಮಲೆಯ ಮಕ್ಕಳು’ ಎಂದು ಚಿತ್ರ ಮಾಡಿದರು. ‘ಚೋಮನ ದುಡಿ’ಯ ಮಾತು ಬಂದಲ್ಲಿ ಈ ಚಿತ್ರದ ಹೆಸರು ಎತ್ತುವವರು ಕಡಿಮೆ. ಚೋಮನ ಕಥೆಗೆ ದುಡಿಯೊಂದೇ ಕೇಂದ್ರ. ಕುಡಿಯರದ್ದು ಇಡೀ ಕಾಡಿನ, ಇಡೀ ಸಮುದಾಯದ ಕಥೆ. ಅದನ್ನು ಎರಡು ಗಂಟೆಗೆ ಇಳಿಸುವುದು ಬರೆದವರಿಗೇ ಕಷ್ಟ. ಸುಬ್ರಹ್ಮಣ್ಯದ ಕಾಡಿನ ‘ಬೆಟ್ಟದ ಜೀವ’ ಕಾದಂಬರಿಯನ್ನು ಅವರು ತೆರೆಗೆ ತರಲಿಲ್ಲ. ಆ ಕೆಲಸ ಮಾಡಿದವರು ಪಿ. ಶೇಷಾದ್ರಿ, 2010ರ ಸಾಲಿನಲ್ಲಿ ಅದಕ್ಕೆ ಪರಿಸರ ಸಂರಕ್ಷಣೆ ಕುರಿತ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಸಿಕ್ಕಿತು.