ದೇವಾಲಯವೇ ಚಿತ್ರಶಾಲೆ: ಸಹೋದರ ಮೊಸ್ಕೇನಿಯವರ ಕೃತಿಗಳು

ವಿಜಯಪುರದಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ಕುಮಟಗಿ ಎಂಬ ಊರಿದೆ. ಆದಿಲಶಾಹಿ ಅರಸರು ವಿಹಾರಕ್ಕೆಂದು ಕಟ್ಟಿಸಿದ ಜಲಮಂಟಪಗಳು ಅಲ್ಲಿವೆ. ಅವುಗಳ ಗೋಡೆಗಳು ಒಂದು ಕಾಲಕ್ಕೆ ವರ್ಣಚಿತ್ರಗಳಿಂದ ತುಂಬಿದ್ದವು. ಇಂದು ಹೋಗಿ ನೋಡಿದವರಿಗೆ ಕಾಣುವುದು ಮಾಸಿದ ಗೆರೆಗಳು, ಉದುರಿದ ಗಾರೆ. ಮಸೂತಿ, ಬಾಗೇವಾಡಿ, ಇಂಡಿಗಳ ಸೀಮೆಯವರಾದ ನಮಗೆ ಇಂತಹ ನೋಟ ಹೊಸದಲ್ಲ. ಮಳೆ ಅಪರೂಪವಾದ ಈ ಒಣನೆಲದಲ್ಲಿಯೇ ಬಣ್ಣ ಅಳಿಯಿತು. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಂಗಳೂರಿನಲ್ಲಿ, ನೂರ ಇಪ್ಪತ್ತು ವರ್ಷಗಳಿಗೂ ಹಿಂದಿನ ಭಿತ್ತಿಚಿತ್ರಗಳು ಇಂದಿಗೂ ಕಂಗೊಳಿಸುತ್ತಿವೆ. ಈ ವ್ಯತ್ಯಾಸಕ್ಕೆ ಕಾರಣವೇನೆಂದು ವಿಚಾರಿಸುವುದು ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಉಚಿತವೆಂದು ನಾವು ಭಾವಿಸುತ್ತೇವೆ.

ಮಂಗಳೂರಿನ ಬಾವುಟಗುಡ್ಡೆಯ ಮೇಲೆ ಯೇಸುಸಭೆಯ ಗುರುಗಳು 1880ರಲ್ಲಿ ಸ್ಥಾಪಿಸಿದ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯಿದೆ. ಅದರ ಪ್ರಾರ್ಥನಾಲಯದ ಒಳಭಾಗವನ್ನು ಚಿತ್ರಿಸಿದವರು ಸಹೋದರ ಆಂತೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಾಮೊ ಪಟ್ಟಣದ ಬಳಿಯ ಸ್ತೆತ್ಸಾನೊ ಎಂಬ ಹಳ್ಳಿಯಲ್ಲಿ 1854ರಲ್ಲಿ ಅವರು ಜನಿಸಿದರು. ಬೆರ್ಗಾಮೊದ ಕರ್ರಾರಾ ಕಲಾಶಾಲೆಯಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಕಲಾವಿದರಾಗಿ ಹೆಸರು ಗಳಿಸುತ್ತಿದ್ದ ಕಾಲದಲ್ಲಿಯೇ, 1889ರಲ್ಲಿ, ಯೇಸುಸಭೆಯನ್ನು ಸೇರಿದರು. ಅವರು ಗುರುದೀಕ್ಷೆ ಪಡೆಯಲಿಲ್ಲ. ಕೊನೆಯವರೆಗೂ ಸಹೋದರರಾಗಿಯೇ ಉಳಿದರು. ಕುಂಚವೇ ಅವರ ಸೇವೆಯಾಯಿತು.

ಮಂಗಳೂರಿಗೆ ಬಂದಾಗ ಅವರಿಗೆ ಸುಮಾರು ನಲವತ್ತೈದು ವರ್ಷ. 1899ರಿಂದ 1901ರವರೆಗೆ ಅವರು ಅಲ್ಲಿಯೇ ನೆಲೆಸಿ, ಮೇಲ್ಛಾವಣಿ, ಕಮಾನು, ಕಂಬ, ಗೋಡೆಗಳನ್ನೆಲ್ಲ ಚಿತ್ರಮಯವಾಗಿಸಿದರು. ಛಾವಣಿಯ ಹಲವು ಚಿತ್ರಗಳು ಬಟ್ಟೆಯ ಮೇಲೆ ತೈಲವರ್ಣದಲ್ಲಿವೆ. ಗೋಡೆಯವು ಹಸಿ ಗಾರೆಯ ಮೇಲೆ ಬರೆದವು. ಈ ಎರಡನೆಯ ವಿಧಾನ ಬಹು ಕಠಿಣವಾದುದು. ಒಂದು ದಿನಕ್ಕೆ ಬರೆಯಲು ಸಾಧ್ಯವಾಗುವಷ್ಟು ಜಾಗಕ್ಕೆ ಮಾತ್ರ ಸುಣ್ಣದ ಗಾರೆ ಬಳಿಯಬೇಕು. ಅದು ಆರುವುದರೊಳಗೆ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಿ ಮುಗಿಸಬೇಕು. ಸುಣ್ಣವು ಗಾಳಿಯ ಇಂಗಾಲಾಮ್ಲವನ್ನು ಹೀರಿ ಗಟ್ಟಿಯಾಗುವಾಗ ಬಣ್ಣವೂ ಅದರಲ್ಲಿ ಕಲ್ಲಿನಂತೆ ಸೇರಿಹೋಗುತ್ತದೆ. ಒಣಗಿದ ಮೇಲೆ ತಪ್ಪು ಕಂಡರೆ, ಆ ಭಾಗವನ್ನು ಕೆತ್ತಿ ತೆಗೆದು ಮತ್ತೆ ಬರೆಯದೆ ಗತಿಯಿಲ್ಲ.

ಅಲ್ಲಿ ಪ್ರೇಷಿತರಿದ್ದಾರೆ, ಮಕ್ಕಳನ್ನು ಹರಸುವ ಯೇಸುಸ್ವಾಮಿಯಿದ್ದಾರೆ, ಸಂತ ಅಲೋಶಿಯಸ್ ಗೊನ್ಸಾಗರ ಜೀವನದ ಘಟನೆಗಳಿವೆ. ಅರಸುಮನೆತನದ ಹಕ್ಕನ್ನು ತ್ಯಜಿಸಿ, ರೋಮಿನಲ್ಲಿ ಪ್ಲೇಗ್ ರೋಗಿಗಳ ಶುಶ್ರೂಷೆ ಮಾಡಿ, 1591ರಲ್ಲಿ ಇಪ್ಪತ್ಮೂರನೆಯ ವಯಸ್ಸಿನಲ್ಲಿಯೇ ಅಸುನೀಗಿದ ಸಂತರವರು. ಅವರ ಕಥೆಯನ್ನು ಓದುಬಾರದವರೂ ಗೋಡೆಯಲ್ಲಿ ಓದಿಕೊಂಡರು.

ಮಂಗಳೂರಿನ ಕೆಲಸ ಮುಗಿದರೂ ಸಹೋದರ ಮೊಸ್ಕೇನಿಯವರು ತಾಯ್ನಾಡಿಗೆ ಮರಳಲಿಲ್ಲ. ಕೊಚ್ಚಿಯ ಸಾಂತಾಕ್ರೂಜ್ ಪ್ರಧಾನಾಲಯವನ್ನು ಚಿತ್ರಿಸುವ ಕಾರ್ಯ ಅವರಿಗೆ ಒದಗಿತು. ಆ ದೇವಾಲಯದ ಪ್ರತಿಷ್ಠೆಗೆ ಇನ್ನು ಕೆಲವೇ ದಿನಗಳಿರುವಾಗ, 1905ರ ನವೆಂಬರ್ 15ರಂದು, ಕೊಚ್ಚಿಯಲ್ಲಿಯೇ ಅವರು ದೈವಾಧೀನರಾದರು. ಆಗ ಅವರಿಗೆ ಐವತ್ತೊಂದು ವರ್ಷ. ತಾವು ಅಲಂಕರಿಸಿದ ಆಲಯದ ಪ್ರತಿಷ್ಠೆಯನ್ನು ಕಾಣುವ ಭಾಗ್ಯ ಅವರದಾಗಲಿಲ್ಲ.

ಕಲಾವಿದರ ಕೆಲಸ ಅಲ್ಲಿಗೆ ಮುಗಿಯಿತು. ಉಳಿದದ್ದು ಕಾಯುವವರ ಕೆಲಸ. ಕಡಲ ಗಾಳಿಯ ಉಪ್ಪು, ಮಳೆಗಾಲದ ತೇವ, ಮೇಣದ ಬತ್ತಿಯ ಹೊಗೆ ಮೊದಲಾದ ಎಲ್ಲವೂ ಭಿತ್ತಿಚಿತ್ರಕ್ಕೆ ವೈರಿಗಳೇ. ಮಂಗಳೂರಿನ ಚಿತ್ರಗಳೂ ಕಳೆಗುಂದಿದ್ದವು. 1990ರ ದಶಕದಲ್ಲಿ ತಜ್ಞರನ್ನು ಕರೆಸಿ ಅವುಗಳನ್ನು ಶುದ್ಧಿಗೊಳಿಸಿ ಜೀರ್ಣೋದ್ಧಾರ ಮಾಡಿಸಲಾಯಿತು. ಆ ಆಲಯದಲ್ಲಿ ಇಂದಿಗೂ ಬಲಿಪೂಜೆ ನಡೆಯುತ್ತದೆ. ಜಾತಿಮತ ಭೇದವಿಲ್ಲದೆ ಜನರು ಬಂದು ನೋಡುತ್ತಾರೆ. ಜನರು ನಿತ್ಯ ಕೂಡುವ ಸ್ಥಳದಲ್ಲಿ ಸೋರುವ ಹಂಚು ಬೇಗ ಕಣ್ಣಿಗೆ ಬೀಳುತ್ತದೆ. ಅರಸರು ಹೋದ ಮೇಲೆ ಕುಮಟಗಿಯ ಮಂಟಪಗಳಿಗೆ ಅಂತಹ ನಿತ್ಯದ ಕಣ್ಣು ಇಲ್ಲವಾಯಿತು.

ದೂರದ ಇಂಗ್ಲೆಂಡಿನಲ್ಲಿಯೂ ಇದೇ ಮಾತಿಗೆ ಸಾಕ್ಷಿಯಿದೆ. ಕುಕಮ್ ಎಂಬ ಹಳ್ಳಿಯ ಚಿತ್ರಕಾರ ಸ್ಟಾನ್ಲಿ ಸ್ಪೆನ್ಸರ್ (1891-1959) ಸತ್ತವರ ಪುನರುತ್ಥಾನವನ್ನು ತನ್ನೂರಿನ ದೇವಾಲಯದ ಸಮಾಧಿಭೂಮಿಯಲ್ಲಿಯೇ ನಡೆಯುವಂತೆ ಚಿತ್ರಿಸಿದನು. ಬಾಲ್ಯದಲ್ಲಿ ಅವನು ಪ್ರಾರ್ಥನೆಗೆ ಹೋಗುತ್ತಿದ್ದ ಹಳೆಯ ಮೆಥಡಿಸ್ಟ್ ಪ್ರಾರ್ಥನಾಲಯವೇ 1962ರಲ್ಲಿ ಅವನ ಕೃತಿಗಳ ಚಿತ್ರಶಾಲೆಯಾಯಿತು. ಅದರ ಬಾಗಿಲು ತೆರೆದು ಕಾಯುವವರು ಸ್ವಯಂಸೇವಕರು.

ನಮ್ಮ ದೇವಾಲಯಗಳಲ್ಲಿ ಮೊಸ್ಕೇನಿಯವರ ಕೃತಿಗಳು ಇಲ್ಲದಿರಬಹುದು. ಆದರೆ ಹಿರಿಯರು ಮಾಡಿಸಿದ ಒಂದು ಪೀಠ, ಒಂದು ಪ್ರತಿಮೆ, ಊರ ಕಲಾವಿದನೊಬ್ಬ ಬರೆದ ಶಿಲುಬೆಹಾದಿಯ ಚಿತ್ರ ಎಲ್ಲಿ ತಾನೆ ಇಲ್ಲ? ಹಬ್ಬ ಬಂದಿತೆಂದು ಹಳೆಯದರ ಮೇಲೆ ಹೊಸ ಬಣ್ಣ ಬಳಿಯುವ ಮುನ್ನ ಬಲ್ಲವರನ್ನು ಕೇಳೋಣ. ಮಳೆಗಾಲಕ್ಕೆ ಮೊದಲು ಮಾಡನ್ನು ನೋಡೋಣ. ಮಾಡಿದವರ ಹೆಸರನ್ನು ದೇವಾಲಯದ ದಫ್ತರದಲ್ಲಿ ಬರೆದಿಡೋಣ. ನೂರು ವರ್ಷ ಬಾಳಿದ್ದನ್ನು ಮುಂದಿನ ನೂರು ವರ್ಷಕ್ಕೆ ದಾಟಿಸುವ ಹೊಣೆ ನಮ್ಮದು. ಆ ಹೊಣೆಯನ್ನು ಹೊರುವ ಶಕ್ತಿಯನ್ನು ದಯಾಮಯನಾದ ದೇವರು ನಮಗೆ ಅನುಗ್ರಹಿಸಲಿ.